ಕೇಶವನನ್ನು ಮಾಧವ ಮಾಡಬೇಡಿ: ಬ್ರಹ್ಮಕಲಶೋತ್ಸವ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಜೀರ್ಣೋದ್ಧಾರ ಹಾಗೂ ಬ್ರಹ್ಮಕಲಶೋತ್ಸವ ಸಮಿತಿಗಳ ಅಧ್ಯಕ್ಷರು, ಆಡಳಿತ ಮೊಕ್ತೇಸರರು ಮತ್ತು ಸ್ಮರಣ ಸಂಚಿಕೆಗಳ ಸಂಪಾದಕರು,
ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು.

ವಿಷಯ: ದೇವರ ರೇಖಾಚಿತ್ರಗಳನ್ನು ಬರೆಸುವ, ಅಚ್ಚು ಹಾಕಿಸುವ ಮತ್ತು ಜೋಪಾನ ಮಾಡುವ ಕ್ರಮದ ಬಗ್ಗೆ.

ಮಾನ್ಯರೇ,

ತಮ್ಮ ದೇವಸ್ಥಾನದ ಕಳೆದ ಉತ್ಸವದ ಆಮಂತ್ರಣ ಪತ್ರಿಕೆ ಕಚೇರಿಯ ಕಪಾಟಿನಲ್ಲಿ ಇದ್ದೀತು. ಒಮ್ಮೆ ಹೊರತೆಗೆದು, ಮುಖಪುಟದ ದೇವರ ಯಜ್ಞೋಪವೀತ ಯಾವ ಹೆಗಲ ಮೇಲಿದೆ ನೋಡಿ. ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿದಿದ್ದರೆ ಸರಿ. (ದೇವರ ಎಡ ಎಂದರೆ ನೋಡುವವರ ಬಲ.) ಬಲ ಹೆಗಲಿನಿಂದ ಎಡಕ್ಕೆ ಇಳಿದಿದ್ದರೆ ಅದು ಪ್ರಾಚೀನಾವೀತಿ, ಪಿತೃಕಾರ್ಯಕ್ಕೆ ಜನಿವಾರ ಹಾಕಿಕೊಳ್ಳುವ ಕ್ರಮ. ಊರಿಗೆಲ್ಲ ಹಂಚಿದ ಕಲಶೋತ್ಸವದ ಕರೆಯೋಲೆಯಲ್ಲಿ ದೇವರು ತರ್ಪಣಕ್ಕೆ ಕೂತಂತೆ ಕಾಣುತ್ತಿರುತ್ತಾರೆ. ಚಿತ್ರ ಬರೆದವರು ಹಾಗೆ ಬರೆದಿರುವುದಿಲ್ಲ. ತುಸು ಓರೆಯಾಗಿ ನಿಂತ ದೇವರು ಅಧ್ಯಕ್ಷರ ಸಂದೇಶದ ಕಡೆಗೆ ತಿರುಗಿದ್ದರೆ ಪುಟ ಚಂದ ಕಾಣುತ್ತದೆ ಎಂದು ಡಿಟಿಪಿ ಮಾಡುವವರು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿರುತ್ತಾರೆ. ಅವರಿಗೆ ಅದು ಒಂದು ಕ್ಲಿಕ್ಕಿನ ಕೆಲಸ. ಪ್ರೂಫ್ ನೋಡುವವರು ಹೆಸರುಗಳ ಕಾಗುಣಿತ ನೋಡುತ್ತಾರೆ, ಇನಿಷಿಯಲ್ ನೋಡುತ್ತಾರೆ, ಯಾರ ಹೆಸರು ಯಾರ ಮೇಲೆ ಬಂತು ಎಂದು ಎರಡೆರಡು ಸಲ ನೋಡುತ್ತಾರೆ. ದೇವರ ಕೈ ನೋಡುವವರು ಯಾರೂ ಇಲ್ಲ.

ಜನಿವಾರ ಒಂದೇ ಆಗಿದ್ದರೆ ಸಣ್ಣ ದೋಷವೆಂದು ಬಿಡಬಹುದಿತ್ತು. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳನ್ನು ತೆಗೆದುಕೊಳ್ಳಿ. ಮುಖ, ಕಿರೀಟ, ನಿಲುವು ಎಲ್ಲ ಒಂದೇ ತೆರ. ಶಂಖ, ಚಕ್ರ, ಗದೆ, ಪದ್ಮ ಇವು ನಾಲ್ಕು ಕೈಗಳಲ್ಲಿ ಯಾವ ಅನುಕ್ರಮದಲ್ಲಿವೆ ಎಂಬುದರಿಂದಲೇ ಮೂರ್ತಿಗೆ ಹೆಸರು. ನಾಲ್ಕು ವಸ್ತುಗಳನ್ನು ನಾಲ್ಕು ಕೈಗೆ ಹಂಚಲು ಇರುವುದು 24 ಬಗೆ, ಮೂರ್ತಿಗಳೂ 24. ಅಗ್ನಿಪುರಾಣದ ಕ್ರಮದಲ್ಲಿ, ಕೆಳಗಿನ ಬಲಗೈಯಿಂದ ತೊಡಗಿ ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಎಂದು ಸುತ್ತಿ ಬಂದರೆ ಕೇಶವನಿಗೆ ಪದ್ಮ, ಶಂಖ, ಚಕ್ರ, ಗದೆ. ಇದೇ ಚಿತ್ರವನ್ನು ಎಡಬಲ ಮಾಡಿದರೆ ಗದೆ, ಚಕ್ರ, ಶಂಖ, ಪದ್ಮ ಎಂದಾಗುತ್ತದೆ. ಅದು ಮಾಧವ. ಗರ್ಭಗುಡಿಯಲ್ಲಿ ಕೇಶವ, ಪತ್ರಿಕೆಯಲ್ಲಿ ಮಾಧವ! ಗ್ರಂಥದಿಂದ ಗ್ರಂಥಕ್ಕೆ ಅನುಕ್ರಮ ಬೇರೆಯಾಗುವುದುಂಟು, ಒಪ್ಪೋಣ. ಆದರೆ ಯಾವ ಗ್ರಂಥ ಹಿಡಿದರೂ ತಿರುಗಿಸಿದ ಮೂರ್ತಿ ಮೊದಲಿನ ಮೂರ್ತಿಯಾಗಿ ಉಳಿಯುವುದಿಲ್ಲ. ಹಾಗೆಯೇ ಸೊಂಡಿಲು ಎಡಕ್ಕೆ ತಿರುಗಿದ ಎಡಮುರಿ ಗಣಪತಿ ಬಲಮುರಿಯಾಗುತ್ತಾನೆ. ಅರ್ಧನಾರೀಶ್ವರನ ಬಲಕ್ಕಿದ್ದ ಶಿವ ಎಡಕ್ಕೆ ಹೋಗುತ್ತಾನೆ. ಉಡುಪಿಯ ಕೃಷ್ಣನ ಬಲಗೈಯ ಕಡೆಗೋಲು ಎಡಗೈಗೂ ಎಡಗೈಯ ನೇಣು ಬಲಗೈಗೂ ಬದಲಾಗುತ್ತವೆ.

ನಿಬ್ಬು ಮತ್ತು ಕಪ್ಪು ಶಾಯಿಯಲ್ಲಿ ದೇವರ ಚಿತ್ರ ಬರೆಯುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕರಾವಳಿಯ ದೇವಸ್ಥಾನಗಳಲ್ಲಿ 12 ವರ್ಷಕ್ಕೊಮ್ಮೆ ಕಲಶಗಳ ನೀರಿನಿಂದ ಬಿಂಬಕ್ಕೆ ಅಭಿಷೇಕ ಮಾಡುವ ಬ್ರಹ್ಮಕಲಶ, ಅದರ ಜೊತೆಗೆ ಆಮಂತ್ರಣ, ಸ್ಮರಣ ಸಂಚಿಕೆ, ಸೇವಾ ರಸೀದಿ, ಪ್ರಸಾದದ ಚೀಲ. ಇವಿಷ್ಟಕ್ಕೂ ಚಿತ್ರ ಬೇಕು. ಆ ಚಿತ್ರ ಹೇಗೆ ಆಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ನಮ್ಮ ಕೈ ಬಿಟ್ಟ ಮೇಲೆ ಎಲ್ಲಿ ಕೆಡುತ್ತದೆ ಎಂಬುದು ಸಮಿತಿಗಳಿಗೆ ಗೊತ್ತಿಲ್ಲದಿರುವುದೇ ಹೆಚ್ಚಿನ ತೊಂದರೆಗಳ ಮೂಲ. ಆದ್ದರಿಂದ ದೂರಿಗೆ ಮೊದಲು ಕೆಲಸದ ವಿವರ.

ಕೆಲಸ ತೊಡಗುವುದು ಧ್ಯಾನಶ್ಲೋಕದಿಂದ, ಅಂದರೆ ದೇವರ ರೂಪವನ್ನು ವರ್ಣಿಸುವ ಶ್ಲೋಕದಿಂದ. ಶಿವ ಎಂದರೆ ತ್ರಿಶೂಲ, ಡಮರು ಎಂಬುದು ಕ್ಯಾಲೆಂಡರು ಕಲಿಸಿದ ಪಾಠ. ದಿನವೂ ಹೇಳುವ ‘ಧ್ಯಾಯೇನ್ನಿತ್ಯಂ ಮಹೇಶಂ’ ಶ್ಲೋಕದಲ್ಲಿ ಇರುವುದು ‘ಪರಶುಮೃಗವರಾಭೀತಿಹಸ್ತಂ’ ಎಂದು. ಕೊಡಲಿ, ಜಿಂಕೆ, ವರದ, ಅಭಯ: ಅಲ್ಲಿಗೆ ನಾಲ್ಕು ಕೈ ಮುಗಿಯಿತು, ತ್ರಿಶೂಲ ಹಿಡಿಯಲು ಕೈ ಉಳಿಯಲಿಲ್ಲ. ಅದೇ ಶ್ಲೋಕ ‘ಪಂಚವಕ್ತ್ರಂ’ ಎನ್ನುತ್ತದೆ. ಎದುರಿನಿಂದ ಬರೆದ ಚಿತ್ರದಲ್ಲಿ ಹಿಂದಿನ ಮುಖ ಕಾಣುವುದಿಲ್ಲ. ಐದನ್ನೂ ಸಾಲಾಗಿ ತೋರಿಸುವುದೋ, ಕಾಣುವಷ್ಟನ್ನೇ ಬರೆದು ಮೇಲೆ ಐದನೆಯದಾದ ಈಶಾನಮುಖ ಇಡುವುದೋ, ಅಥವಾ ಊರಿನವರು ನಿತ್ಯ ಕಾಣುವ ಏಕಮುಖವೇ ಸಾಕೋ ಎಂಬುದನ್ನು ದೇವಸ್ಥಾನದ ವಿಧಿವಿಧಾನ ನಿರ್ಧರಿಸುವ ತಂತ್ರಿಗಳು ಹೇಳಬೇಕು. ನಾವು ಊಹಿಸಿ ಬರೆಯುವಂಥದ್ದಲ್ಲ. ಗಣಪತಿಯಂತೂ ಇನ್ನೂ ತೊಡಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಎಂಬ ಮೂರ್ತಿಲಕ್ಷಣದ ಗ್ರಂಥದಲ್ಲಿ ಗಣಪತಿಯ ರೂಪಗಳೇ 32. ಇಡಗುಂಜಿಯ ಗಣಪತಿಗೆ ಎರಡೇ ಕೈ. ಹೀಗಿರುವಾಗ ‘ಒಂದು ಗಣಪತಿ ಬರೆದುಕೊಡಿ, ಚಂದ ಇರಲಿ’ ಎಂದು ಫೋನಿನಲ್ಲಿ ಹೇಳಿದರೆ, ನಾವು ಬರೆಯುವ ಗಣಪತಿ ತಮ್ಮ ಊರಿನವನೇ ಎಂದು ಹೇಗೆ ಹೇಳುವುದು? ಭೂತಾರಾಧನೆಯ ದೈವಗಳ ವಿಚಾರ ಬೇರೆಯೇ. ಅಲ್ಲಿ ಸಂಸ್ಕೃತ ಶ್ಲೋಕ ಹುಡುಕುವುದಕ್ಕಿಂತ ಚಾವಡಿಯ ಹಿರಿಯರನ್ನು, ಆ ದೈವದ ಚಾಕರಿ ಮಾಡುವವರನ್ನು ಕೇಳುವುದೇ ದಾರಿ.

ಎರಡನೆಯದು ದರ್ಶನ. ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳಲ್ಲಿ ಮೂಲಬಿಂಬದ ಫೋಟೋ ತೆಗೆಯುವಂತಿಲ್ಲ. ಆ ನಿಯಮ ಇರುವವರೆಗೆ ಬಿಂಬದ ರೂಪ ಕಾಗದಕ್ಕೆ ಬರಲು ಇರುವ ಮಾರ್ಗ ರೇಖಾಚಿತ್ರ ಒಂದೇ. ಅಲಂಕಾರ ಮುಗಿದ ಮೇಲೆ ಕಾಣುವುದು ಬೆಳ್ಳಿಯ ಕವಚ, ಹೂ, ಗಂಧ; ಬಿಂಬ ಕಾಣುವುದು ಅಭಿಷೇಕದ ಹೊತ್ತಿನಲ್ಲಿ, ಅದೂ ನಂದಾದೀಪದ ಬೆಳಕಿನಲ್ಲಿ, ಕೆಲವೇ ನಿಮಿಷ. ಎರಡು ಮೂರು ದಿನ ಬೆಳಗ್ಗೆ ತೀರ್ಥಮಂಟಪದಲ್ಲಿ ನಿಂತು ನೋಡಿದರೆ ಕೈಗಳ ಜೋಡಣೆ, ಕಿರೀಟದ ಬಗೆ, ಪೀಠದ ಆಕಾರ ತಿಳಿಯುತ್ತದೆ. ಬಿಂಬ ಎಷ್ಟು ಗೇಣು ಎತ್ತರ, ಪೀಠ ಎಷ್ಟು ಎಂದು ಅರ್ಚಕರು ಬಾಯಲ್ಲಿ ಹೇಳಿದರೂ ಸಾಕು, ಅರ್ಧ ಕೆಲಸ ಆದಂತೆ.

ಗೇಣು ಎಂದದ್ದು ಸುಮ್ಮನೆ ಅಲ್ಲ. ಶಿಲ್ಪಶಾಸ್ತ್ರದ ‘ತಾಳ’ ಎಂದರೆ ಗೇಣೇ: 12 ಅಂಗುಲ, ಒಂದು ಮುಖದ ಉದ್ದ. ನವತಾಳದ, ಅಂದರೆ ಒಂಬತ್ತು ತಾಳದ ಮೂರ್ತಿಗೆ ಒಟ್ಟು ಎತ್ತರ 108 ಅಂಗುಲ, ಕಿರೀಟ ಇದಕ್ಕೆ ಹೊರತು. ಎ3 ಹಾಳೆಯ ಮೇಲೆ ಅಂಗುಲಕ್ಕೆ 2.5 ಮಿ.ಮೀ. ಹಿಡಿದರೆ ದೇವರ ಎತ್ತರ 270 ಮಿ.ಮೀ., ಮುಖ 30 ಮಿ.ಮೀ. ಆ 30ರಲ್ಲಿ ಹಣೆ, ಮೂಗು, ಮೂಗಿನಿಂದ ಗಲ್ಲ ತಲಾ 10 ಮಿ.ಮೀ. ಕಿರೀಟಕ್ಕೆ 45, ಪೀಠಕ್ಕೆ 30 ಸೇರಿಸಿದರೆ 345 ಆಯಿತು. ಹಾಳೆಯ ಉದ್ದ 420 ಇರುವುದರಿಂದ ಮೂರ್ತಿಯ ಹಿಂದಿನ ಕಮಾನಾದ ಪ್ರಭಾವಳಿಯ ತುದಿಯ ಕೀರ್ತಿಮುಖಕ್ಕೂ ಅಂಚಿಗೂ ಜಾಗ ಉಳಿಯುತ್ತದೆ. ಕ್ಯಾಲೆಂಡರು ನೋಡಿ ಬರೆದ ಚಿತ್ರಗಳಲ್ಲಿ ಮುಖ 14-15 ಅಂಗುಲಕ್ಕೆ ಬೆಳೆದಿರುತ್ತದೆ, ಕಣ್ಣು ಅಗಲಗೊಂಡು ಕಿವಿಗೆ ತಾಗುತ್ತಿರುತ್ತದೆ. ಅದಕ್ಕೇ ಉಗ್ರನರಸಿಂಹನೂ ಮಗುವಿನ ಹಾಗೆ ಕಾಣುವುದು. ಬಾಲಕೃಷ್ಣನಿಗೆ, ಗಣಪತಿಗೆ ತಾಳವೇ ಕಡಿಮೆ, ತಲೆ ದೊಡ್ಡದಾಗಿ ಕಾಣುವುದು ಅಲ್ಲಿ ಸಹಜ. ಎಲ್ಲರಿಗೂ ಅದೇ ತಲೆ ಇಟ್ಟರೆ ಆಗುವುದಿಲ್ಲ.

ಅಳತೆಯ ಗೀಟುಗಳ ಮೇಲೆ ಎಚ್‌ಬಿ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯುತ್ತೇವೆ. 2ಎಚ್‌ನಂಥ ಗಟ್ಟಿ ಪೆನ್ಸಿಲ್ ಕಾಗದದಲ್ಲಿ ಕಾಲುವೆ ತೋಡುತ್ತದೆ. ಆಮೇಲೆ ಶಾಯಿ ಆ ಕಾಲುವೆಯಲ್ಲೇ ಹರಿದು ಗೆರೆ ದಪ್ಪವಾಗುತ್ತದೆ. ಪ್ರಭಾವಳಿಯ ಒಂದು ಪಾರ್ಶ್ವ ಬರೆದು, ಟ್ರೇಸಿಂಗ್ ಹಾಳೆ ಮಗುಚಿ ಇನ್ನೊಂದು ಪಾರ್ಶ್ವ ಇಳಿಸಿಕೊಳ್ಳುವುದು ನಮ್ಮಲ್ಲೂ ಉಂಟು. ಪ್ರಭಾವಳಿಗೆ ಅದು ಸಲ್ಲುತ್ತದೆ. ಮಗುಚಬಾರದ್ದು ದೇವರನ್ನು.

ಇನ್ನು ಶಾಯಿ. ಹಿಂದೆ ದೀಪದ ಕಾಡಿಗೆಯನ್ನು ಗೋಂದಿನಲ್ಲಿ ಅರೆದು ಮಸಿ ಮಾಡುತ್ತಿದ್ದರು. ಇಂದಿನ ಇಂಡಿಯನ್ ಇಂಕೂ ಮೂಲದಲ್ಲಿ ಅದೇ ಇಂಗಾಲ, ಅಂಟು ಮಾತ್ರ ಬೇರೆ: ಹಲವು ಶಾಯಿಗಳಲ್ಲಿ ಅರಗು. ಇಂಗಾಲಕ್ಕೆ ಬಿಸಿಲು ಏನೂ ಮಾಡದು. ಸಾದಾ ಫೌಂಟನ್ ಪೆನ್ನಿನ ಶಾಯಿ ಹೆಚ್ಚಾಗಿ ಬಣ್ಣದ ದ್ರಾವಣ. ಗೋಡೆಗೆ ತೂಗುಹಾಕಿದ ಚಿತ್ರ ಕೆಲವು ವರ್ಷಗಳಲ್ಲಿ ಕಂದುತ್ತದೆ. ಹಾಗೆಂದು ಅರಗಿನ ಶಾಯಿಯನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಒಳಗೇ ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅದ್ದಿ ಬರೆಯುವ ನಿಬ್ಬು. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆಯ ತೆಳು ಪದರ ಇರುತ್ತದೆ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಅದ್ದಿದರೆ ಶಾಯಿ ಹನಿಗಟ್ಟಿ ಕೂತು, ಕೊನೆಗೆ ಒಮ್ಮೆಗೇ ಕಾಗದದ ಮೇಲೆ ಬೀಳುತ್ತದೆ. ಅದ್ದುವುದು ನಿಬ್ಬಿನ ತೂತಿನ ಅರ್ಧದವರೆಗೆ, ಕುಡಿಕೆಯ ಬಾಯಿಗೆ ತಾಗಿಸಿ ಹೆಚ್ಚಿನದನ್ನು ಬಿಡಬೇಕು. ನಿಬ್ಬನ್ನು ನಮ್ಮ ಕಡೆಗೆ ಎಳೆಯುವಾಗ ತುಸು ಒತ್ತಿದರೆ ಅದರ ಎರಡು ಎಸಳು ಅಗಲಿ ಗೆರೆ ಉಬ್ಬುತ್ತದೆ, ಬಿಟ್ಟರೆ ಸಪೂರವಾಗುತ್ತದೆ. ತೋಳಿನ ದುಂಡು, ಪಂಚೆಯ ನೆರಿಗೆ, ಹಾರದ ಭಾರ ತೋರುವುದು ಈ ಉಬ್ಬುತಗ್ಗಿನಲ್ಲಿ. ನಿಬ್ಬನ್ನು ಮೇಲಕ್ಕೆ ತಳ್ಳಿದರೆ ಮೊನೆ ಕಾಗದದ ನಾರಿಗೆ ಸಿಕ್ಕಿ ಚಿಮ್ಮುತ್ತದೆ. ಅದಕ್ಕೇ ನಾವು ಕೈ ತಿರುಗಿಸುವ ಬದಲು ಹಾಳೆಯನ್ನೇ ತಿರುಗಿಸುತ್ತಿರುತ್ತೇವೆ. ಈಗಿನ ಫೈನ್‌ಲೈನರ್ ಪೆನ್ನುಗಳಲ್ಲೂ ಒಳ್ಳೆಯ ಶಾಯಿ ಇದೆ, ಮೈಕ್ರಾನ್ ಎಂಬ ಹೆಸರಿನ ಪೆನ್ನುಗಳಲ್ಲಿ 005 ಸಂಖ್ಯೆಯದರ ಗೆರೆ 0.20 ಮಿ.ಮೀ., 05ರದ್ದು 0.45. ಚುಕ್ಕಿಗೆ ಅನುಕೂಲ. ಗೆರೆ ಮಾತ್ರ ತಂತಿ ಎಳೆದ ಹಾಗೆ, ಉದ್ದಕ್ಕೂ ಒಂದೇ ದಪ್ಪ. ನಮ್ಮಲ್ಲಿ ಕೆಲವರಿಗೆ ಅದು ಹಿಡಿಸುವುದಿಲ್ಲ.

ಶಾಯಿ ಹಾಕುವಾಗ ಮುಖದ ಹೊರಗೆರೆ, ಮೂಗು, ತುಟಿ ಮೊದಲು. ಹತ್ತು ದಿನ ಆಭರಣ ಬರೆದು ಕೊನೆಗೆ ತುಟಿಯಲ್ಲಿ ಕೈ ತಪ್ಪಿದರೆ ಹತ್ತು ದಿನವೂ ಹೋಯಿತು. ಮೊದಲ ದಿನವೇ ತಪ್ಪಿದರೆ ಹಾಳೆ ಮಾತ್ರ ಹೋಗುತ್ತದೆ. ಆದರೆ ಕಣ್ಣಿನ ಪಾಪೆ ಖಾಲಿ ಇಟ್ಟು ಕಟ್ಟಕಡೆಗೆ ತುಂಬುತ್ತೇವೆ. ಬಿಂಬಕ್ಕೆ ನೇತ್ರೋನ್ಮೀಲನ (ಕಣ್ಣು ತೆರೆಸುವ ವಿಧಿ) ಕೊನೆಗೆ ಆಗುವ ಹಾಗೆ. ಅದರಲ್ಲಿ ಭಕ್ತಿಯೂ ಇದೆ, ಲೆಕ್ಕವೂ ಇದೆ: ಸುತ್ತಲಿನ ಕಪ್ಪು ಎಷ್ಟು ಗಾಢವಾಯಿತು ಎಂದು ತಿಳಿದ ಮೇಲೆಯೇ ಪಾಪೆ ಎಷ್ಟು ದೊಡ್ಡದಿರಬೇಕು ಎಂದು ಗೊತ್ತಾಗುವುದು.

ನೆರಳಿಗೆ ಚುಕ್ಕಿ. ತಿಳಿಯಾದ ನೆರಳಿಗೆ ಒಂದು ಚದರ ಸೆಂಟಿಮೀಟರಿಗೆ 60-80 ಚುಕ್ಕಿ ಸಾಕು, ಗಾಢವಾದ ಕಡೆ 200 ದಾಟುತ್ತದೆ. ಸರಾಸರಿ 120 ಎಂದು ಹಿಡಿದು 300 ಚದರ ಸೆಂ.ಮೀ. ಹಿನ್ನೆಲೆ ತುಂಬುವುದಾದರೆ 36,000 ಚುಕ್ಕಿ. ಸೆಕೆಂಡಿಗೆ ಎರಡರಂತೆ ಇಟ್ಟರೆ ನಿಲ್ಲಿಸದೆ 5 ಗಂಟೆ. ನಿಲ್ಲಿಸದೆ ಆಗುವ ಕೆಲಸ ಅದಲ್ಲ. 20 ನಿಮಿಷ ಕಳೆದರೆ ಕೈ ಸೋತು ಚುಕ್ಕಿಗೆ ಬಾಲ ಬರುತ್ತದೆ; ದುಂಡಗಿರಬೇಕಾದದ್ದು ಅಲ್ಪವಿರಾಮವಾಗುತ್ತದೆ. ಅವಸರದಲ್ಲಿ ಮಾಡಿದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ, ಹಿನ್ನೆಲೆ ತುಂಬ ಅಲ್ಪವಿರಾಮಗಳೇ.

ಮಳೆಗಾಲ ನಮ್ಮ ಶತ್ರು. ಆಷಾಢದಲ್ಲಿ ಕಾಗದ ತೇವ ಹೀರಿ ಮೆತ್ತಗಾಗಿರುತ್ತದೆ, ಗೆರೆಯ ಅಂಚಿನಿಂದ ಸಣ್ಣ ಬೇರು ಹೊರಡುತ್ತದೆ. ಅಂಗೈ ಬೆವರು ತಾಗಿದ ಕಡೆ ಶಾಯಿ ಕೂರುವುದೇ ಇಲ್ಲ. ಕೈಯಡಿಗೆ ಬೇರೊಂದು ಹಾಳೆ ಇಟ್ಟುಕೊಳ್ಳದೆ ನಿರ್ವಾಹವಿಲ್ಲ. ಮೇಲೆ ಒಣಗಿದಂತೆ ಕಂಡರೂ ರಾತ್ರಿ ಕಳೆಯದೆ ಪೆನ್ಸಿಲ್ ಗೀಟು ಅಳಿಸುವಂತಿಲ್ಲ. ಅಳಿಸಿದರೆ ಕಪ್ಪು ಎದ್ದು ಬೂದಿಬಣ್ಣದ ಪಟ್ಟಿ ಉಳಿಯುತ್ತದೆ. ಇವೆಲ್ಲ ಸೇರಿ ಪೀಠ, ಪ್ರಭಾವಳಿ ಸಹಿತವಾದ ಒಂದು ಎ3 ಚಿತ್ರಕ್ಕೆ 35ರಿಂದ 40 ಗಂಟೆ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸೂಕ್ಷ್ಮ ಗೆರೆ ಎಳೆದರೆ ಕೈ ನಂಬಿಕೆಗೆ ಬರುವುದಿಲ್ಲ. ಅಂದರೆ ಬರೆಯುವುದಕ್ಕೇ ಹತ್ತು ದಿನ; ಶ್ಲೋಕ, ದರ್ಶನ, ತಂತ್ರಿಗಳ ಒಪ್ಪಿಗೆ ಬೇರೆ. ಆದರೆ ನಮಗೆ ಕರೆ ಬರುವುದು ಚಪ್ಪರದ ಮುಹೂರ್ತ ಆದ ಮೇಲೆ, ‘ನಾಳಿದ್ದು ಪ್ರೆಸ್ಸಿಗೆ ಹೋಗಬೇಕು’ ಎಂದು.

ಇನ್ನು ಚಿತ್ರ ತಮ್ಮ ಕೈ ಸೇರಿದ ಮೇಲಿನ ಕಥೆ. ಸಮಿತಿಯ ಹುಡುಗರು ಮೊಬೈಲಿನಲ್ಲಿ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಪ್ರೆಸ್ಸಿಗೆ ಕಳಿಸುತ್ತಾರೆ. ಮೊಬೈಲು ಓರೆ ಹಿಡಿದಿದ್ದರೆ ದೇವರ ತಲೆ ಹಿಗ್ಗಿ ಕಾಲು ಕುಗ್ಗುತ್ತದೆ, ತಾಳಮಾನಕ್ಕೆ ಎಳ್ಳುನೀರು. ಟ್ಯೂಬ್‌ಲೈಟಿನ ನೆರಳಿಗೆ ಬಿಳಿ ಕಾಗದ ಬೂದಿಯಾಗುತ್ತದೆ. ವಾಟ್ಸಾಪು ಚಿತ್ರವನ್ನು ಮತ್ತೆ ಕುಗ್ಗಿಸುತ್ತದೆ. ಪ್ರೆಸ್ಸಿನವರು ಬೂದಿ ಹೋಗಲೆಂದು ಕಾಂಟ್ರಾಸ್ಟ್ ಏರಿಸುತ್ತಾರೆ. ಸಪೂರ ಗೆರೆಗಳು ಮಾಯ, ಚುಕ್ಕಿಗಳು ಒಂದಕ್ಕೊಂದು ಅಂಟಿ ಮಸಿಮಸಿ. ಓದುಗರು ಇದೇ ಚಿತ್ರಕಾರನ ಕೈ ಎಂದುಕೊಳ್ಳುತ್ತಾರೆ.

ಲೆಕ್ಕ ಹೀಗಿದೆ. 300 ಡಿಪಿಐನಲ್ಲಿ (ಇಂಚಿಗೆ 300 ಬಿಂದು) ಸ್ಕ್ಯಾನ್ ಮಾಡಿದರೆ 0.2 ಮಿ.ಮೀ. ಗೆರೆಗೆ ಸಿಗುವುದು ಎರಡು ಚಿಲ್ಲರೆ ಪಿಕ್ಸೆಲ್, ಅಂಚು ಗರಗಸದ ಹಲ್ಲಿನಂತೆ ಬರುತ್ತದೆ. 1200ರಲ್ಲಿ ಒಂಬತ್ತಕ್ಕೂ ಹೆಚ್ಚು ಸಿಗುತ್ತದೆ. ಫೋಟೋಗಳಿಗೆ ಬಳಸುವ, ಬೂದಿಬಣ್ಣದ ಛಾಯೆಗಳನ್ನೂ ಹಿಡಿಯುವ ಗ್ರೇಸ್ಕೇಲ್ ಇಲ್ಲಿ ಬೇಡ. ಅದರಲ್ಲಿ ಆಫ್‌ಸೆಟ್ ಅಚ್ಚಿಗೆ ಹೋದರೆ ನಮ್ಮ ಗೆರೆಯ ಮೇಲೆ ಪ್ರೆಸ್ಸಿನ ಸ್ಕ್ರೀನ್ ಚುಕ್ಕಿಗಳು ಕೂತು ಕಪ್ಪು ಕಪ್ಪಾಗಿ ಬರುವುದಿಲ್ಲ. ‘ಲೈನ್ ಆರ್ಟ್, 1200 ಡಿಪಿಐ, ಕಪ್ಪು ಒಂದೇ ಬಣ್ಣ’ ಎಂದು ಹೇಳಿದರೆ ಯಾವ ಪ್ರೆಸ್ಸಿಗೂ ಅರ್ಥವಾಗುತ್ತದೆ. ಸತುವಿನ ಬ್ಲಾಕು ಮಾಡಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಈ ತಿಳಿವಳಿಕೆ ಎಲ್ಲ ಮುದ್ರಣಾಲಯಗಳಲ್ಲೂ ಇತ್ತು, ಏಕೆಂದರೆ ಅಗ್ಗದ ಕಾಗದದ ಮೇಲೆ ಫೋಟೋ ಮೂಡುತ್ತಿರಲಿಲ್ಲ, ಗೆರೆಯ ಚಿತ್ರವೇ ಗತಿಯಾಗಿತ್ತು.

ಚಿತ್ರ ಎಷ್ಟು ಕಿರಿದಾಗಲಿದೆ ಎಂದು ಮೊದಲೇ ತಿಳಿಸುವುದೂ ಅಷ್ಟೇ ಮುಖ್ಯ. ಎ3ರಿಂದ ಎ5ಕ್ಕೆ ಇಳಿಸಿದರೆ ಎಲ್ಲ ಅರ್ಧ. 0.2ರ ಗೆರೆ 0.1 ಆಗುತ್ತದೆ, ಅದು ಅಚ್ಚಿನಲ್ಲಿ ನಿಲ್ಲುತ್ತದೆ. ಅದನ್ನೇ ರಸೀದಿಯ ಮೂಲೆಗೆ ಅಂಚೆಚೀಟಿಯಷ್ಟು ಮಾಡಿದರೆ ಗೆರೆಗಳ ನಡುವಿನ ಬಿಳಿ ಮುಚ್ಚಿಹೋಗಿ ದೇವರ ಜಾಗದಲ್ಲಿ ಕಪ್ಪು ಮುದ್ದೆ ಉಳಿಯುತ್ತದೆ. ರಸೀದಿಗೆ ಬೇರೆಯೇ ಚಿತ್ರ ಬೇಕು: ಹೊರಗೆರೆ, ಆಯುಧ, ಕಿರೀಟ, ಅಷ್ಟೇ. ಒಂದೆರಡು ದಿನದ ಕೆಲಸ. ಮೊದಲೇ ಹೇಳಿದರೆ ಜೊತೆಯಲ್ಲೇ ಮಾಡಿಕೊಡಬಹುದು. ಪ್ರಸಾದದ ಪ್ಲಾಸ್ಟಿಕ್ ಚೀಲಕ್ಕೆ, ಊಟದ ಕೂಪನ್ನಿಗೆ ದೇವರ ಮುಖ ಬೇಕೇ ಎಂಬುದನ್ನು ಮಾತ್ರ ತಾವೇ ಯೋಚಿಸಬೇಕು. ಮರುದಿನ ಗದ್ದೆಯ ಬದುವಿನಲ್ಲಿ ಅವು ಬಿದ್ದಿರುವುದನ್ನು ತಾವೂ ಕಂಡಿದ್ದೀರಿ.

ಈಚೆಗೆ ಕಂಪ್ಯೂಟರ್ ಬುದ್ಧಿಯಿಂದ ನಿಮಿಷದಲ್ಲಿ ತೆಗೆದ ದೇವರ ಚಿತ್ರಗಳು ಆಮಂತ್ರಣಗಳಿಗೆ ಬರುತ್ತಿವೆ. ಖರ್ಚಿಲ್ಲ, ಹೊಳಪು ಇದೆ. ಅದರ ಮೇಲೆ ನಮಗೆ ಹೊಟ್ಟೆಕಿಚ್ಚು ಎಂದು ತಾವು ತಿಳಿಯಬಹುದು. ಸ್ವಲ್ಪ ಇದ್ದರೂ ಇರಬಹುದು. ಆದರೆ ಆ ಚಿತ್ರಗಳನ್ನು ಮೇಲೆ ಹೇಳಿದ ಅಳತೆಗಳಿಂದಲೇ ಪರೀಕ್ಷಿಸಿ ನೋಡಿ. ಹಿಂದಿನ ಎರಡು ತೋಳುಗಳು ಹೆಗಲಿನ ಹಿಂದಿನಿಂದ ಹೊರಟಿವೆಯೇ, ಅಥವಾ ಪಕ್ಕೆಯಿಂದ ಮೊಳೆತಿವೆಯೇ? ಯಜ್ಞೋಪವೀತ ಹಾರದೊಳಗೆ ಸೇರಿಹೋಗಿ ಸೊಂಟಕ್ಕೆ ತಲುಪದೆ ನಿಂತಿದೆಯೇ? ಚಕ್ರದ ಅರಗಳು ನಡುವಿನಿಂದ ಹೊರಟು ಅಂಚಿಗೆ ಮುಟ್ಟಿವೆಯೇ? ಬಿಂಬದಲ್ಲಿ ಪದ್ಮ ಇದ್ದ ಕೈಯಲ್ಲಿ ಏನಿದೆ? ಉಡುಪಿಯ ಕೃಷ್ಣ ಎಂದು ಕೇಳಿದರೂ ಕೊಳಲು ಹಿಡಿದವನನ್ನೇ ಕೊಡುವ ಚಿತ್ರಗಳು ಬೇಕಾದಷ್ಟು ಓಡಾಡುತ್ತಿವೆ. ತಮ್ಮ ಬಿಂಬವನ್ನು ಆ ಯಂತ್ರ ಕಂಡಿಲ್ಲ. ಫೋಟೋ ನಿಷೇಧವಿರುವ ಗರ್ಭಗುಡಿಯನ್ನು ಅದು ಕಾಣುವುದಾದರೂ ಹೇಗೆ? ಎಲ್ಲ ಊರಿನ ದೇವರೂ ಒಂದೇ ಮುಖದವರಾಗಿ ಬರುತ್ತಿರುವುದಕ್ಕೆ ಕಾರಣ ಇದು.

ಹಣದ ಮಾತನ್ನೂ ಆಡಿಬಿಡೋಣ. ಚಪ್ಪರದವರಿಗೆ, ಧ್ವನಿವರ್ಧಕದವರಿಗೆ, ಅಡುಗೆಯವರಿಗೆ, ಚೆಂಡೆಯವರಿಗೆ ದರ ಗೊತ್ತುಮಾಡಿ ಮುಂಗಡ ಕೊಡುತ್ತೀರಿ. ಚಿತ್ರದವರಿಗೆ ಶಾಲು, ಹಣ್ಣು, ‘ದೇವರ ಕೆಲಸ ಅಲ್ಲವೇ’ ಎಂಬ ಮಾತು. ಸೇವೆ ಎಂದು ಮಾಡಿಕೊಡುವವರು ನಮ್ಮಲ್ಲೂ ಇದ್ದಾರೆ, ಇರಲಿ. ಆದರೆ ಸೇವೆ ಎಂದು ಹೇಳಬೇಕಾದವರು ಮಾಡುವವರು, ಮಾಡಿಸುವವರಲ್ಲ. 40 ಗಂಟೆಯ ನುರಿತ ಕೈಕೆಲಸಕ್ಕೆ ತಮ್ಮ ಊರಿನ ಮರಗೆಲಸದವರ, ಶಿಲ್ಪಿಗಳ ದಿನಗೂಲಿಯನ್ನು ಆಧಾರವಾಗಿ ಹಿಡಿದರೂ ಒಂದು ನ್ಯಾಯವಾದ ಮೊತ್ತ ಬರುತ್ತದೆ. ಅದಕ್ಕಿಂತ ಹೆಚ್ಚೇನೂ ನಾವು ಕೇಳುತ್ತಿಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಚಿನ್ನದ ರೇಕು ಇದೆ, ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಚಿತ್ರಕ್ಕೂ ಅಡಿಗೆ ಇರುವುದು ಗೆರೆಯೇ. ಬರಿಯ ಗೆರೆಯಲ್ಲಿ ನಿಲ್ಲುವ ಚಿತ್ರವನ್ನು ‘ಸ್ಕೆಚ್ಚು’ ಎಂದು ಕರೆದು ಅರ್ಧ ಕೆಲಸವೆಂದು ಎಣಿಸುವುದು ಸರಿಯಲ್ಲ.

ಹೆಸರಿನ ವಿಷಯವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಕೃತಿಯ ಹಕ್ಕನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ಕೃತಿಕಾರರಿಗೆ ಉಳಿಯುತ್ತದೆ. ಮೂಲೆಯ ಸಹಿಯನ್ನು ಕತ್ತರಿಸಿ, ಪ್ರಾಯೋಜಕರ ಲೋಗೋ ಪೀಠದ ಮೇಲೆ ಕೂರಿಸಿ, ಕಪ್ಪುಬಿಳುಪಿನ ಚಿತ್ರಕ್ಕೆ ಗುಲಾಬಿ ಬಣ್ಣ ತುಂಬಿ ಅಚ್ಚು ಹಾಕಿದವುಗಳನ್ನು ಕಂಡಿದ್ದೇವೆ. ಯಾರನ್ನೂ ಕೋರ್ಟಿಗೆ ಎಳೆಯುವ ಉದ್ದೇಶ ನಮಗಿಲ್ಲ. ಹಾಗೆ ಮಾಡಬಾರದೆಂಬುದು ತಮಗೂ ತಿಳಿದಿರಲಿ ಎಂದು ಬರೆದದ್ದು.

ಆದ್ದರಿಂದ ಮಾನ್ಯರಲ್ಲಿ ನಮ್ಮ ವಿನಂತಿ ಇಷ್ಟು. ಚಿತ್ರದ ಮಾತನ್ನು ಚಪ್ಪರದ ಮುಹೂರ್ತಕ್ಕೆ ಕಾಯಿಸದೆ, ಸಮಿತಿ ರಚನೆಯಾದ ಮೊದಲ ಸಭೆಯಲ್ಲೇ ಎತ್ತಿಕೊಳ್ಳಿ. ಬರೆಯುವವರಿಗೆ ಕನಿಷ್ಠ 30 ದಿನ ಇರಲಿ. ತಂತ್ರಿಗಳಿಂದ ಧ್ಯಾನಶ್ಲೋಕವನ್ನೂ ಯಾವ ಕೈಯಲ್ಲಿ ಯಾವ ಆಯುಧ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆಸಿ ಕೊಡಿ, ಅಭಿಷೇಕದ ಹೊತ್ತಿನ ದರ್ಶನಕ್ಕೆ ಎರಡು ಮೂರು ದಿನ ಅನುವು ಮಾಡಿ. ಪೆನ್ಸಿಲ್ಲಿನ ಹಂತದಲ್ಲೇ ತಂತ್ರಿಗಳಿಗೂ ಅರ್ಚಕರಿಗೂ ತೋರಿಸಿ ಒಪ್ಪಿಗೆ ಪಡೆಯೋಣ. ಶಾಯಿ ಹಾಕಿದ ಮೇಲೆ ‘ಜಿಂಕೆ ಈ ಕಡೆ ಇರಲಿ’ ಎಂದರೆ ಮತ್ತೆ ಮೊದಲಿನಿಂದ ಬರೆಯುವುದೊಂದೇ ಉಪಾಯ. ಮೊತ್ತವನ್ನು ಮೊದಲೇ ಗೊತ್ತುಮಾಡಿ ಅರ್ಧ ಮುಂಗಡ, ಉಳಿದದ್ದು ಚಿತ್ರ ಕೈಸೇರಿದ ದಿನ. ಪ್ರೂಫಿನಲ್ಲಿ ಜನಿವಾರ, ಸೊಂಡಿಲು, ನಾಲ್ಕು ಕೈ ಇವನ್ನು ಮೂಲದ ಪಕ್ಕದಲ್ಲಿಟ್ಟು ನೋಡುವ ಹೊಣೆಯನ್ನು ಒಬ್ಬರ ಹೆಸರಿಗೆ ವಹಿಸಿ. ಕಾಗುಣಿತ ತಿದ್ದುವವರೇ ಇದನ್ನೂ ನೋಡಬಹುದು, ಐದು ನಿಮಿಷ ಸಾಕು.

ಮೂಲಚಿತ್ರವನ್ನು ದೇವಸ್ಥಾನದ ಆಸ್ತಿಪಟ್ಟಿಯಲ್ಲಿ ಬರೆದಿಡಿ. ಮುಂದೊಂದು ದಿನ ಬಿಂಬಕ್ಕೆ ಊನವಾಗಿ ಹೊಸದು ಕಡೆಸಬೇಕಾದರೆ, ಹಳೆಯದು ಹೇಗಿತ್ತು ಎಂದು ಶಿಲ್ಪಿಗೆ ತೋರಿಸಲು ಫೋಟೋ ಇರುವುದಿಲ್ಲ, ಆ ಹಾಳೆ ಇರುತ್ತದೆ. ಅದನ್ನು ಮಡಿಸಿ ರಸೀದಿ ಪುಸ್ತಕಗಳ ಜೊತೆ ಕಟ್ಟಿಡುವುದು, ಸೆಲೋಟೇಪಿನಲ್ಲಿ ಗೋಡೆಗೆ ಅಂಟಿಸುವುದು ಬೇಡ. ಟೇಪಿನ ಅಂಟು ಕಾಗದಕ್ಕೆ ಇಳಿದು ಹಳದಿಯಾದದ್ದು ಮತ್ತೆ ಹೋಗುವುದಿಲ್ಲ. ಆಮ್ಲರಹಿತ ಕಾಗದದ ಎರಡು ಹಾಳೆಗಳ ನಡುವೆ, ಚಪ್ಪಟೆಯಾಗಿ, ಮರದ ಕಪಾಟಿನ ಮೇಲಿನ ಅರೆಯಲ್ಲಿ ಇಡಿ. ಚೌಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಶಾಯಿ ಗಾಜಿಗೆ ಕಚ್ಚುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ದೇವರ ರೇಖಾಚಿತ್ರ ಬರೆಯುವ ಕೆಲವರು

ವಿ.ಸೂ.: ಹಿಂದಿನ ಕಲಶೋತ್ಸವದ ಮೂಲಚಿತ್ರ ಈಗಾಗಲೇ ತಮ್ಮ ಕಚೇರಿಯಲ್ಲಿದ್ದು, ಅದು ಹಾಳಾಗದಿರಲಿ ಎಂದು ಯಾರಾದರೂ ಲ್ಯಾಮಿನೇಶನ್‌ಗೆ ಕೊಡಲು ಹೊರಟಿದ್ದರೆ ದಯವಿಟ್ಟು ಇಂದೇ ತಡೆಯಿರಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದೆ ಬಿಡಿಸಲಾಗದು, ಒಳಗೆ ಸಿಕ್ಕ ತೇವಕ್ಕೆ ಬೂಷ್ಟು ಹಿಡಿದರೆ ಒರೆಸುವಂತೆಯೂ ಇಲ್ಲ. ಮೊದಲು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಕಡೆ ಉಳಿಸಿಕೊಳ್ಳಿ. ಲ್ಯಾಮಿನೇಶನ್ ಬೇಕೆಂದರೆ ಅದರ ಪ್ರಿಂಟಿಗೆ ಮಾಡಿಸಿ.